ಶರತ್ಕಾಲದ ಹಿತ್ತಲು: ಹಳೇ ಒರಳು, ಹಕ್ಕಿಗೆ ನೀರು, ಬಿಸಿ ಕಷಾಯ (ಪದೇ ಪದೇ ಕೇಳುವ ಪ್ರಶ್ನೆಗಳು)

ಮೈಸೂರಲ್ಲಿ ನಮ್ಮನೆ ಹಿಂದೆ ಒಂದು ಚಿಕ್ಕ ಹಿತ್ತಲಿದೆ. ಒಂದು ಪಾರಿಜಾತ, ಒಂದು ಕರಿಬೇವು, ಎರಡು ದಾಸವಾಳ, ಮೂಲೇಲೊಂದು ನೆಲ್ಲಿ ಮರ, ನಡುವೆ ಅಜ್ಜಿ ಕಾಲದ ಒರಳು. ದಸರಾ ಆದ್ಮೇಲೆ ಮನೆಗೆ ಬಂದೋರೆಲ್ಲ ಅಲ್ಲೇ ಕೂತ್ಕೊಂಡು ಕಷಾಯ ಕುಡೀತಾ ಏನೇನೋ ಕೇಳ್ತಾರೆ, ಊರಿಗೆ ಹೋದ್ಮೇಲೆ ವಾಟ್ಸಾಪಲ್ಲಿ ಮತ್ತೆ ಕೇಳ್ತಾರೆ, ಇಬ್ಬರು ಹಿರಿಯರಂತೂ ಇನ್‌ಲ್ಯಾಂಡ್ ಲೆಟರಲ್ಲೇ ಬರೆದು ಕೇಳಿದ್ರು. ಅವನ್ನೆಲ್ಲ ಅವರವರ ಮಾತಲ್ಲೇ ಇಟ್ಟು ಇಲ್ಲಿ ಉತ್ತರ ಬರ್ದಿದೀನಿ.

## ಶುರು ಮಾಡೋರಿಗೆ

ಅಕ್ಕಾ, ನಮ್ ಕಡೆ ಆಟಮ್ ಅಂತ ಸೀಸನ್ ಇದ್ಯಾ? ಎಲೆನೇ ಉದುರಲ್ವಲ್ಲ?

ಇದೆ, ಅದಕ್ಕೆ ನಮ್ಮದೇ ಹೆಸರಿದೆ, ಶರದೃತು. ಆಶ್ವಯುಜ ಮತ್ತೆ ಕಾರ್ತಿಕ, ಅಂದ್ರೆ ಹತ್ತತ್ರ ಅಕ್ಟೋಬರ್ ನವೆಂಬರ್. ಫೋಟೋದಲ್ಲಿ ನೋಡೋ ಕೆಂಪು ಎಲೆ ಸೀಸನ್ ಚಳಿ ದೇಶದ್ದು, ನಮ್ಮ ಕಡೆ ಮರಗಳು ಜಾಸ್ತಿ ಎಲೆ ಉದುರಿಸೋದು ಡಿಸೆಂಬರಿಂದ ಫೆಬ್ರವರಿವರೆಗೆ. ಶರತ್ಕಾಲದಲ್ಲಿ ನಮ್ಮಲ್ಲಿ ಆಗೋದು ಬೇರೇನೇ: ಮುಂಗಾರು ಹಿಂದೆ ಸರಿದು ಹಿಂಗಾರು ಬರುತ್ತೆ, ಹಸ್ತ, ಚಿತ್ತೆ, ಸ್ವಾತಿ ಅಂತ ಒಂದೊಂದೇ ಮಳೆ ಸಂಜೆ ಹೊತ್ತು ಬಂದು ಹೋಗುತ್ತೆ, ಬೆಳಿಗ್ಗೆ ಇಬ್ಬನಿ ಶುರುವಾಗುತ್ತೆ, ಬೇಲಿ ಸಾಲಿನ ಹುಲ್ಲೆಲ್ಲ ಬೀಜ ಕಟ್ಟುತ್ತೆ, ಬಿಸಿಲು ಮೈಗೆ ಹಿತವಾಗುತ್ತೆ. ವರ್ಷದಲ್ಲಿ ಹಿತ್ತಲಲ್ಲಿ ಸುಮ್ನೆ ಕೂರೋಕೆ ಇದಕ್ಕಿಂತ ಒಳ್ಳೆ ಕಾಲ ಇನ್ನೊಂದಿಲ್ಲ ಅಂತ ನನಗನ್ಸುತ್ತೆ.

ಈ ಟೈಮಲ್ಲಿ ಏನೇನ್ ಹೂ ನೋಡ್ಬೇಕು? ಯಾವ್ದನ್ನ ಮಿಸ್ ಮಾಡ್ಬಾರ್ದು?

ಪಾರಿಜಾತ ಮಿಸ್ ಮಾಡ್ಬೇಡಿ. ರಾತ್ರಿ ಅರಳಿ ಬೆಳಗಾಗೋಷ್ಟ್ರಲ್ಲಿ ಉದುರಿರುತ್ತೆ, ಬಿಳಿ ಎಸಳು, ಕೇಸರಿ ತೊಟ್ಟು, ಎಷ್ಟೋ ಹೂ ತೊಟ್ಟು ಮೇಲೆ ಮಾಡ್ಕೊಂಡೇ ಬಿದ್ದಿರುತ್ತೆ. ಆರೂವರೆಗೆ ಎದ್ದು ಹೋದ್ರೆ ನೆಲ ಪೂರ್ತಿ ಹಾಸಿರುತ್ತೆ, ಎಂಟಕ್ಕೆ ಹೋದ್ರೆ ಬಾಡಿರುತ್ತೆ. ಗಿಡದ ಕೆಳಗೆ ಹಿಂದಿನ ರಾತ್ರಿನೇ ಹಳೇ ಪಂಚೆ ಹಾಸಿಟ್ರೆ ಪೂಜೆಗೆ ಆರಿಸ್ಕೊಳ್ಳೋಕೆ ಸುಲಭ. ಆಮೇಲೆ ಬೀದೀಲಿರೋ ಆಕಾಶಮಲ್ಲಿಗೆ, ಎತ್ತರದ ಮರ, ರಾತ್ರಿ ವಾಸನೆಯಿಂದಾನೇ ಗೊತ್ತಾಗುತ್ತೆ. ಸ್ಫಟಿಕದ ಹೂ, ಚೆಂಡು ಹೂ ಇದ್ದೇ ಇದಾವೆ. ಸೇವಂತಿಗೆ ಬಗ್ಗೆ ಒಂದು ಮಾತು, ಅದು ಹಗಲು ಕಮ್ಮಿಯಾಗಿ ರಾತ್ರಿ ಉದ್ದ ಆದಾಗ ಮೊಗ್ಗು ಬಿಡೋ ಗಿಡ, ಅದಕ್ಕೇ ಬೀದಿ ದೀಪ ರಾತ್ರಿಯಿಡೀ ಬೀಳೋ ಜಾಗದಲ್ಲಿಟ್ರೆ ಎಲೆ ದಂಡಿಯಾಗಿ ಬರುತ್ತೆ, ಹೂ ತಡ ಆಗುತ್ತೆ. ಕುಂಡ ಕತ್ತಲಿರೋ ಕಡೆ ತಿರುಗಿಸಿ.

ನಂದು ಬಾಲ್ಕನಿ ಅಷ್ಟೇ, ನಾಲ್ಕಡಿ ಅಗಲ. ಇದೆಲ್ಲ ನನಗಲ್ಲ ಅಲ್ವಾ?

ಖಂಡಿತ ನಿಮಗೂ ಹೌದು. ಒಂದು ಕುಂಡ ತುಳಸಿ, ಒಂದು ಕುಂಡ ಮಜ್ಜಿಗೆಹುಲ್ಲು, ಒಂದು ಕರಿಬೇವು, ರೇಲಿಂಗಿಗೆ ಹಬ್ಬಿಸಿದ ಶಂಖಪುಷ್ಪ, ಮಣ್ಣಿನ ತಟ್ಟೇಲಿ ನೀರು, ಕೂರೋಕೆ ಒಂದು ಹಳೇ ಮಣೆ. ತುಳಸಿ ತೆನೆಗೆ ಜೇನು ಬರುತ್ತೆ, ಕರಿಬೇವಿಗೆ ಚಿಟ್ಟೆ ಬರುತ್ತೆ, ಮಜ್ಜಿಗೆಹುಲ್ಲು ಟೀಗಾಯ್ತು. ಬೆಂಗಳೂರಲ್ಲಿ ಐದನೇ ಫ್ಲೋರಲ್ಲಿರೋ ನನ್ನ ತಂಗಿ ಇಷ್ಟೇ ಇಟ್ಕೊಂಡಿರೋದು, ಅವಳ ಕರಿಬೇವಲ್ಲಿ ಹೋದ ವರ್ಷ ಮೂರು ಚಿಟ್ಟೆ ಹೊರಗೆ ಬಂದ್ವು.

ಸಂಜೆ ಕೂರೋಕೆ ಆಗಲ್ಲ ಮೇಡಂ, ಸೊಳ್ಳೆ. ಹಕ್ಕಿಗೆ ನೀರಿಟ್ರೆ ಇನ್ನೂ ಜಾಸ್ತಿ ಆಗಲ್ವಾ?

ನೀರು ಬದಲಾಯಿಸ್ದೆ ಬಿಟ್ರೆ ಆಗುತ್ತೆ. ಡೆಂಗ್ಯೂ ಸೊಳ್ಳೆ ಮೊಟ್ಟೆಯಿಂದ ಹಾರೋ ಸೊಳ್ಳೆ ಆಗೋಕೆ ಸುಮಾರು 7ರಿಂದ 10 ದಿನ ತಗೊಳ್ಳುತ್ತೆ, ಹಾಗಾಗಿ ಎರಡು ದಿನಕ್ಕೊಮ್ಮೆ ನೀರು ಚೆಲ್ಲಿದ್ರೆ ಆ ಪಾತ್ರೇಲಿ ಸೊಳ್ಳೆ ಹುಟ್ಟೋ ಹಾಗೇ ಇಲ್ಲ. ಚೆಲ್ಲೋದು ಮಾತ್ರ ಸಾಲಲ್ಲ, ಒಳಗಿನ ಗೋಡೆನ ತೆಂಗಿನ ನಾರಲ್ಲಿ ಉಜ್ಜಬೇಕು, ಯಾಕಂದ್ರೆ ಮೊಟ್ಟೆ ಅಂಚಿಗೆ ಅಂಟ್ಕೊಂಡಿರುತ್ತೆ, ಒಣಗಿದ್ರೂ ತಿಂಗಳುಗಟ್ಟಲೆ ಸಾಯಲ್ಲ. ಹಕ್ಕಿ ನೀರಿಗಿಂತ ಮೋಸ ಮಾಡೋದು ಕುಂಡದ ಕೆಳಗಿನ ತಟ್ಟೆ, ತೆಂಗಿನ ಚಿಪ್ಪು, ತಾರಸಿ ಮೇಲಿನ ಹಳೇ ಟಯರು, ಅವನ್ನ ಮೊದ್ಲು ನೋಡಿ.

## ಹಳೇ ಸಾಮಾನು

ಇಂಥ ಹಳೇ ವಸ್ತು ಎಲ್ ಸಿಗುತ್ತೆ? ಆಂಟಿಕ್ ಅಂಗಡೀಲಿ ರೇಟ್ ಕೇಳಿದ್ರೆ ತಲೆ ತಿರುಗುತ್ತೆ

ಮೊದ್ಲು ನಿಮ್ಮ ಮನೆ ಅಟ್ಟ ಹತ್ತಿ, ಆಮೇಲೆ ಊರಿನ ದೊಡ್ಡಪ್ಪನ ಮನೆ ಕೊಟ್ಟಿಗೆ. ನಿಜವಾಗ್ಲೂ ಹೇಳ್ತಿದೀನಿ, ನನ್ನ ಹಿತ್ತಲಲ್ಲಿರೋ ಮುಕ್ಕಾಲು ಭಾಗ ಹೀಗೇ ಬಂದಿದ್ದು, ಹಳೇ ಮನೆ ಕೆಡವುವಾಗ "ಇದನ್ನ ಬಿಸಾಕ್ಬೇಡಿ ಚಿಕ್ಕಮ್ಮ, ನನಗೆ ಕೊಡಿ" ಅಂತ ಒಂದ್ ಮಾತು ಹೇಳಿಟ್ರೆ ಸಾಕು. ಬೆಂಗಳೂರಲ್ಲಾದ್ರೆ ಭಾನುವಾರ ಬೆಳಿಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಸುತ್ತಮುತ್ತ ಕೂರೋ ಸಂಡೇ ಬಜಾರ್, ಇಲ್ಲಾಂದ್ರೆ ಶಿವಾಜಿನಗರದ ಗುಜರಿ ಅಂಗಡಿಗಳು. ಮೈಸೂರಲ್ಲಿ ಶಿವರಾಂಪೇಟೆ ಪಾತ್ರೆ ಅಂಗಡಿಗಳಲ್ಲಿ ಜನ ಹಾಕಿ ಹೋದ ಹಳೇ ಹಿತ್ತಾಳೆ ತೂಕದ ರೇಟಿಗೇ ಸಿಗೋದುಂಟು, ಕರಗಿಸೋಕೆ ಕಳ್ಸೋ ಮುಂಚೆ ಕೇಳ್ಬೇಕು ಅಷ್ಟೇ.

ಕೊಳ್ಳೋ ಮುಂಚೆ ಒಂದು ಕೆಲಸ ಮಾಡಿ, ರಾಮನಗರದ ಜಾನಪದ ಲೋಕಕ್ಕೋ, ಧರ್ಮಸ್ಥಳದ ಮಂಜೂಷಾ ಮ್ಯೂಸಿಯಮ್ಮಿಗೋ, ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೋ ಒಂದ್ಸಲ ಹೋಗ್ಬನ್ನಿ. ಕೊಳಗ ಹೇಗಿರುತ್ತೆ, ಸೇರು ಪಾವು ಹೇಗಿರುತ್ತೆ, ಯಾವುದು ಯಾವ ಕೆಲಸಕ್ಕೆ ಅಂತ ಕಣ್ಣಿಗೆ ಬಿದ್ರೆ, ಆಮೇಲೆ ಹೊಸದಾಗಿ ಎರಕ ಹುಯ್ದು ಆಸಿಡ್ ಹಾಕಿ ಕಪ್ಪು ಮಾಡಿದ ಮಾಲನ್ನ ನೂರು ವರ್ಷದ್ದು ಅಂತ ಯಾರೂ ನಿಮಗೆ ಮಾರೋಕಾಗಲ್ಲ. ನಿಜವಾಗಿ ಬಳಸಿದ ಪಾತ್ರೆ ಒಂದೇ ಕಡೆ ಸವೆದಿರುತ್ತೆ, ಹಿಡಿ ಹತ್ರ, ತಳದ ಅಂಚಲ್ಲಿ. ತುಂಬಾ ಪಾತ್ರೆ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರಿರುತ್ತೆ, ಯಾರದೋ ಮದುವೇಲಿ ಕೊಟ್ಟಿದ್ದು. ಅದನ್ನ ಉಜ್ಜಿ ಅಳಿಸ್ಬೇಡಿ ದಯವಿಟ್ಟು.

ಅಜ್ಜಿ ಮನೆ ಒರಳು ಕಲ್ಲು ತಂದಿದೀವಿ, ಏನ್ ಮಾಡೋದು ಗೊತ್ತಾಗ್ತಿಲ್ಲ, ಭಾರ ಬೇರೆ

ಹಕ್ಕಿಗೆ ನೀರಿಡಿ. ನಾನು ಕೈಯಾರೆ ಮಾಡಿದ ಕೆಲಸಗಳಲ್ಲಿ ಇದಕ್ಕಿಂತ ಖುಷಿ ಕೊಟ್ಟಿದ್ದು ಇನ್ನೊಂದಿಲ್ಲ. ನಮ್ಮ ಒರಳಿನ ಗುಳಿ ಅಜ್ಜಿ, ಅತ್ತೆ, ಅಮ್ಮ ಮೂರು ಜನ ರುಬ್ಬಿ ರುಬ್ಬಿ ಗಾಜಿನ ಥರ ನುಣುಪಾಗಿದೆ, ಅಲ್ಲೇ ತೊಂದ್ರೆ ಇರೋದು. ನುಣುಪಾಗಿ ಆಳವಾಗಿದ್ರೆ ಚಿಕ್ಕ ಹಕ್ಕಿ ಕಾಲು ಜಾರಿ ಒಳಗೆ ಬಿದ್ರೆ ಹತ್ತೋಕಾಗಲ್ಲ, ಓತಿಕ್ಯಾತ, ಜೇನ್ನೊಣ ಮುಳುಗಿ ಸಾಯುತ್ತೆ. ಅದಕ್ಕೆ ಗುಳೀಲಿ ಮುಷ್ಟಿ ಗಾತ್ರದ ಒರಟು ಕಲ್ಲು ತುಂಬಿ, ಮೇಲೆ ಒಂದು ಇಂಚು, ಹೆಚ್ಚಂದ್ರೆ ಎರಡು ಇಂಚು ನೀರು ನಿಲ್ಲೋ ಹಾಗೆ ಮಾಡಿ. ಒಂದು ಕಲ್ಲು ನೀರಿಂದ ಮೇಲೆ ತಲೆ ಎತ್ತಿರ್ಲಿ, ಜೇನು ಅದರ ಮೇಲೆ ಕೂತು ಕುಡಿಯುತ್ತೆ.

ಜಾಗನೂ ನೋಡಿ ಇಡಿ. ಪೊದೆಗೆ ಅಂಟಿಸಿ ಇಟ್ರೆ ಬೆಕ್ಕು ಹೊಂಚು ಹಾಕುತ್ತೆ, ಪೂರ್ತಿ ಬಯಲಲ್ಲಿಟ್ರೆ ಹಕ್ಕಿ ಬರೋಕೆ ಹೆದರುತ್ತೆ, ಆರೇಳು ಅಡಿ ದೂರದಲ್ಲಿ ಒಂದು ಗಿಡ ಇದ್ರೆ ಸರಿ. ನಮ್ಮನೇಲಿ ಬೆಳಿಗ್ಗೆ ಎಂಟರ ಹೊತ್ತಿಗೆ ಮೊದ್ಲು ಪಿಕಳಾರ (ಬುಲ್‌ಬುಲ್) ಜೋಡಿ ಬರುತ್ತೆ, ಒಂದು ಕಾವಲು ಕೂರುತ್ತೆ, ಇನ್ನೊಂದು ಎದೆವರೆಗೆ ಇಳಿದು ರೆಕ್ಕೆ ಬಡಿದು ಸುತ್ತ ನೀರೆರಚುತ್ತೆ, ಆಮೇಲೆ ಅದಲು ಬದಲು. ಅವೆರಡು ಹೋಗೋವರೆಗೂ ಸೂರಕ್ಕಿ (ಹೂವಿನ ಮಕರಂದ ಹೀರೋ ಪುಟ್ಟ ಹಕ್ಕಿ) ದಾಸವಾಳದ ಎಲೆ ಮೇಲೆ ನಿಂತಿರೋ ಹನೀಲೇ ಮೈ ಉಜ್ಜಿಕೊಂಡು ಸ್ನಾನ ಮುಗಿಸಿರುತ್ತೆ.

ತಾಮ್ರದ ಹಂಡೇಲಿ ತಾವರೆ ಹಾಕಿ ಗಪ್ಪಿ ಮೀನು ಬಿಡ್ಬೋದಾ? ಇನ್‌ಸ್ಟಾದಲ್ಲಿ ಚೆನ್ನಾಗ್ ಕಾಣುತ್ತೆ

ಮೀನು ಬಿಡ್ಬೇಡಿ. ತಾಮ್ರ ಸ್ವಲ್ಪ ಸ್ವಲ್ಪನೇ ನೀರಿಗೆ ಬಿಡುತ್ತೆ, ನಮಗೇನೂ ಆಗದಿರೋ ಅಷ್ಟು ಪ್ರಮಾಣ ಮೀನಿಗೆ, ಬಸವನಹುಳುವಿಗೆ ವಿಷ. ನಾನು ಗೊತ್ತಿಲ್ದೆ ಹಾಗೆ ಮಾಡಿ ಹನ್ನೆರಡು ಮೀನು ನಾಲ್ಕೇ ದಿನದಲ್ಲಿ ಸತ್ತೋದ್ವು, ಬೆಳಿಗ್ಗೆ ಎದ್ದು ನೋಡಿದಾಗಿನ ಆ ಸಂಕಟ ಇವತ್ತಿಗೂ ಇದೆ. ಹಿತ್ತಾಳೇಲೂ ತಾಮ್ರ ಇರೋದ್ರಿಂದ ಅದೂ ಬೇಡ. ಹಂಡೆ ಒಳಗೆ ಸರಿಯಾಗಿ ಕೂರೋ ಪ್ಲಾಸ್ಟಿಕ್ ಟಬ್ ಇಟ್ಟು ಅದರಲ್ಲಿ ಮಣ್ಣು, ನೈದಿಲೆ ಗೆಡ್ಡೆ, ಗಪ್ಪಿ ಹಾಕಿ, ಹೊರಗಿಂದ ಹಂಡೆನೇ ಕಾಣುತ್ತೆ. ಆದ್ರೆ ನರಕ ಚತುರ್ದಶಿ ಹಿಂದಿನ ಸಂಜೆ, ನೀರು ತುಂಬೋ ಹಬ್ಬದ ದಿನ, ಹಂಡೆನ ಅದರ ಕೆಲಸಕ್ಕೆ ವಾಪಸ್ ಕೊಡೋದು ಚೆಂದ. ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಕತ್ತಿಗೆ ಹಿಂಡಲೆ ಬಳ್ಳಿ ಸುತ್ತಿ ನೀರು ತುಂಬ್ಸಿದ್ರೆ ಅದರ ಮುಂದೆ ಯಾವ ಅಲಂಕಾರನೂ ನಿಲ್ಲಲ್ಲ.

ಕಿಲುಬು ಹಿಡಿದಿರೋದನ್ನ ಫಳ ಫಳ ಅನ್ನೋ ಹಾಗೆ ಮಾಡ್ಬೇಕಾ ಹಾಗೇ ಬಿಡ್ಬೇಕಾ?

ಅಡುಗೆಗೆ, ಕುಡಿಯೋಕೆ ಬಳಸೋದಾದ್ರೆ ಪೂರ್ತಿ ತೆಗೀಬೇಕು, ಹಸಿರು ಕಿಲುಬು ಹೊಟ್ಟೆಗೆ ಹೋಗ್ಬಾರ್ದು. ಹುಣಸೆಹಣ್ಣು, ಕಲ್ಲುಪ್ಪು ಸಾಕು. ಗಿಡ ಇಡೋಕಾದ್ರೆ ಹಾಗೇ ಬಿಡಿ, ಮೇಲಿನ ಮಣ್ಣು ಧೂಳು ಒರೆಸಿದ್ರೆ ಆಯ್ತು.

ಹಳೇ ಕಬ್ಬಿಣದ ಉಯ್ಯಾಲೆ ಸಿಕ್ತು, ಪೇಂಟ್ ಕೆರೆದು ಹೊಸದು ಹೊಡೀಬೋದಲ್ವಾ?

ಒಣಗಿದ ಪೇಂಟನ್ನ ಹಾಗೇ ಉಪ್ಪುಕಾಗದ ಹಾಕಿ ಉಜ್ಜಬೇಡಿ. ಹಳೇ ಎನಾಮಲ್ ಪೇಂಟಲ್ಲಿ ಸೀಸ ಇರೋ ಸಾಧ್ಯತೆ ಜಾಸ್ತಿ, ಆ ಧೂಳು ಮಕ್ಕಳ ಮಿದುಳಿಗೆ ಕೆಟ್ಟದ್ದು, ತರಕಾರಿ ಮಡಿಗೆ ಬಿದ್ರೆ ಮಣ್ಣಲ್ಲೇ ಉಳಿಯುತ್ತೆ. ಕೆಳಗೆ ಟಾರ್ಪಾಲ್ ಹಾಸಿ, ಒದ್ದೆ ಮಾಡಿ ಉಜ್ಜಿ, ಮಾಸ್ಕ್ ಹಾಕ್ಕೊಳ್ಳಿ, ಮಕ್ಕಳನ್ನ ಆ ದಿನ ದೂರ ಇಡಿ, ಕೆರೆದಿದ್ದನ್ನ ಕವರಲ್ಲಿ ಕಟ್ಟಿ ಎಸೀರಿ, ಕಾಂಪೋಸ್ಟಿಗೆ ಬೇಡ.

ಊರ ಹೊರಗೆ ಕೆತ್ತನೆ ಕಲ್ಲು ಬಿದ್ದಿದೆ ಯಾರೂ ನೋಡಲ್ಲ, ತಂದಿಟ್ಕೊಂಡ್ರೆ ತಪ್ಪಾ? ಮತ್ತೆ ಗುಜರೀಲಿ ಜಿಂಕೆ ಕೊಂಬು ನೋಡ್ದೆ

ಎರಡೂ ಮುಟ್ಟಬೇಡಿ. ವೀರಗಲ್ಲು, ಮಾಸ್ತಿಗಲ್ಲು, ನಾಗರಕಲ್ಲು ಯಾರೂ ನೋಡ್ತಿಲ್ಲ ಅನ್ಸಿದ್ರೂ ಅದು ಆ ಊರಿನ ಚರಿತ್ರೆ, ಜಾಗ ಬಿಟ್ಟು ಕದಲಿಸಿದ್ರೆ ಅದರ ಅರ್ಧ ಮಾತು ಹೋಯ್ತು. ಕಾನೂನೂ ಇದೆ, 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಕೆತ್ತನೆ ಎಲ್ಲ ಪ್ರಾಚ್ಯವಸ್ತು, ಲೈಸೆನ್ಸ್ ಇಲ್ದೆ ವ್ಯಾಪಾರ ಮಾಡೋ ಹಾಗಿಲ್ಲ. ಜಿಂಕೆ ಕೊಂಬು, ಹುಲಿ ಉಗುರು, ಆನೆ ದಂತ ಇವು ಅದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಬರುತ್ತೆ, ತಾತನ ಕಾಲದ್ದೇ ಆದ್ರೂ ಮಾರೋದು ಕೊಳ್ಳೋದು ಅಪರಾಧ.

ಕಲ್ಲೇ ಬೇಕು ಅಂದ್ರೆ ಮುರಿದ ಬೀಸೋ ಕಲ್ಲು, ಹಳೇ ಚಪ್ಪಡಿ, ಇಲ್ಲಾಂದ್ರೆ ಮಂಗಳೂರು ಹಂಚು ತನ್ನಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ರು, ಹಳೇ ಹಂಚಿನ ಬೆನ್ನಲ್ಲಿ ಕಂಪನಿ ಹೆಸರು ಅಚ್ಚೊತ್ತಿರುತ್ತೆ. ಒಡೆದ ಹಂಚನ್ನ ನಿಲ್ಲಿಸಿ ಮಡಿ ಅಂಚು ಕಟ್ಟಿದ್ರೆ ಮಳೇಲಿ ಮಣ್ಣು ಕೊಚ್ಚಲ್ಲ, ಸಂದೀಲಿ ಕಪ್ಪೆ ಬಂದು ಕೂರುತ್ತೆ.

## ಹಕ್ಕಿ, ಚಿಟ್ಟೆ, ಹಾವು ಮತ್ತಿತರರು

ದೀಪಾವಳಿ ಮುಗೀತು, ಒಣಗಿರೋ ಚೆಂಡು ಹೂ ಗಿಡ ಎಲ್ಲ ಕಿತ್ತು ಕ್ಲೀನ್ ಮಾಡ್ಬಿಡ್ಲಾ?

ಒಂದು ತಿಂಗಳು ತಡೀರಿ. ಹೊಸಬರು ಮಾಡೋ ದೊಡ್ಡ ತಪ್ಪು ಅಂದ್ರೆ ಈ ಕಾಲದಲ್ಲಿ ಹಿತ್ತಲನ್ನ ಹಾಲ್ ಥರ ಗುಡಿಸಿಡೋದು. ಹುಲ್ಲಿನ ತೆನೆ, ತುಳಸಿ ಬೀಜ, ಒಣಗಿದ ಹೂವು ಇವೆಲ್ಲ ಊಟ. ನಮ್ಮ ಬೇಲಿ ಪಕ್ಕ ಕೊಯ್ಯದೆ ಬಿಟ್ಟ ಹುಲ್ಲಿಗೆ ರಾಟವಾಳ ಹಕ್ಕಿ ಗುಂಪು ಬರುತ್ತೆ, ಒಂದು ತೆನೆ ಮೇಲೆ ಕೂತ್ರೆ ಅದು ಬಾಗಿ ನೆಲ ಮುಟ್ಟುತ್ತೆ, ಹಕ್ಕಿ ಬಿಡದೆ ಹಾಗೇ ಜೋತು ಬಿದ್ಕೊಂಡೇ ಬೀಜ ಸುಲೀತಿರುತ್ತೆ, ಕೆಲವು ಉದ್ದ ಹುಲ್ಲೆಸಳು ಕಚ್ಕೊಂಡು ಬಾಲದ ಹಾಗೆ ಎಳ್ಕೊಂಡು ಗೂಡಿಗೆ ಹಾರುತ್ತೆ. ಚೆಂಡು ಹೂವಲ್ಲಿ ನಾಲ್ಕು ಒಳ್ಳೆ ತಲೆ ನಿಮಗೆ ಬಿತ್ತನೆಗೆ ಎತ್ತಿಟ್ಕೊಳ್ಳಿ, ಗಿಡದಲ್ಲೇ ಪೂರ್ತಿ ಒಣಗಿರ್ಬೇಕು, ಪೇಪರ್ ಕವರಲ್ಲಿಡಿ, ಪ್ಲಾಸ್ಟಿಕ್ಕಲ್ಲಿ ಬೂಷ್ಟು ಹಿಡಿಯುತ್ತೆ.

ಹಕ್ಕಿಗೆ ಅನ್ನ, ಮಿಕ್ಸ್ಚರ್, ಬ್ರೆಡ್ ಹಾಕ್ತೀವಿ, ಓಕೆನಾ?

ಉಪ್ಪು, ಖಾರ, ಎಣ್ಣೆ ಇರೋದು ಬೇಡ, ಬ್ರೆಡ್ ಬಿಸ್ಕತ್ತಲ್ಲಿ ಸತ್ವ ಇಲ್ಲ. ನವಣೆ, ಸಾಮೆ, ಸಜ್ಜೆ ಒಂದು ಹಿಡಿ ಹಾಕಿ, ಅದೂ ಅವು ಒಂದು ಗಂಟೇಲಿ ಮುಗಿಸೋ ಅಷ್ಟೇ. ಹಿಂಗಾರು ಮಳೆಗೆ ಕಾಳು ನೆಂದ್ರೆ ಬೂಷ್ಟು ಬಂದು ಅದೇ ವಿಷ ಆಗುತ್ತೆ. ಅಪಾರ್ಟ್‌ಮೆಂಟಲ್ಲಾದ್ರೆ ಕಾಳು ಹಾಕೋದೇ ಬೇಡ, ಪಾರಿವಾಳ ಮಾತ್ರ ತುಂಬ್ಕೊಳ್ಳುತ್ತೆ, ಅದರ ಹಿಕ್ಕೆಯಿಂದ ಶ್ವಾಸಕೋಶಕ್ಕೆ ತೊಂದ್ರೆ ಆಗುತ್ತೆ. ನೀರಿಡಿ, ಹೂ ಹಣ್ಣಿನ ಗಿಡ ಇಡಿ. ಸಕ್ಕರೆ ನೀರೂ ಬೇಡ, ಸೂರಕ್ಕಿಗೆ ದಾಸವಾಳ ಇದೆ.

ಕರಿಬೇವನ್ನ ಹಸಿರು ಹುಳ ಬೋಳಿಸಿಬಿಡ್ತು, ಏನ್ ಸ್ಪ್ರೇ ಹೊಡೀಲಿ?

ಏನೂ ಹೊಡೀಬೇಡಿ, ಅದು ನಿಂಬೆ ಚಿಟ್ಟೆ ಮರಿ. ಮೊದಮೊದಲು ಹಕ್ಕಿ ಹಿಕ್ಕೆ ಥರ ಕಪ್ಪು ಬಿಳಿ ಇರುತ್ತೆ, ದೊಡ್ಡದಾದ್ಮೇಲೆ ಹಸಿರಾಗುತ್ತೆ, ಕಡ್ಡೀಲಿ ಮುಟ್ಟಿದ್ರೆ ತಲೆ ಹಿಂದಿಂದ ಕೊಂಬಿನ ಥರ ಒಂದು ಕವಲು ಹೊರಗೆ ಬಂದು ಘಾಟು ವಾಸನೆ ಬಿಡುತ್ತೆ. ಸುಮಾರು ಎರಡು ವಾರ ತಿನ್ನುತ್ತೆ, ಆಮೇಲೆ ಗೂಡು ಕಟ್ಟುತ್ತೆ. ಕರಿಬೇವು ಮತ್ತೆ ಚಿಗುರುತ್ತೆ. ಗಿಡ ತೀರಾ ಚಿಕ್ಕದಿದ್ರೆ ಎರಡು ಹುಳ ಬಿಟ್ಟು ಮಿಕ್ಕಿದ್ದನ್ನ ಎಲೆ ಸಮೇತ ನಿಂಬೆ ಗಿಡಕ್ಕೋ ಹೆರಳೆ ಗಿಡಕ್ಕೋ ಸಾಗಿಸಿ. ಜಾಗ ಇದ್ರೆ ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸಿ, ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮರಿಗಳು ತಿನ್ನೋದು ಆ ಜಾತಿ ಬಳ್ಳಿನೇ, ಮಲೆನಾಡ ಕಡೆಯೋರಿಗೆ ಅದು ಮನೆ ಬಾಗಿಲಿಗೇ ಬರಬೋದು.

ಅಕ್ಟೋಬರಲ್ಲಿ ಒಂದೇ ಗಿಡಕ್ಕೆ ನೂರಾರು ಕಪ್ಪು ನೀಲಿ ಚಿಟ್ಟೆ ಮುತ್ಕೊಂಡಿದ್ವು, ಎಲ್ಲಿಂದ ಬರುತ್ತೆ ಅವು?

ಪುಣ್ಯ ಮಾಡಿದೀರಿ. ಅವು ಬ್ಲೂ ಟೈಗರ್ ಮತ್ತೆ ಅದರ ಬಂಧು ಬಳಗ. ಮಳೆಗಾಲಕ್ಕೆ ಮುಂಚೆ ಪಶ್ಚಿಮ ಘಟ್ಟದಿಂದ ಪೂರ್ವದ ಬಯಲು ಕಡೆ ಹೋಗಿ, ಮಳೆ ಮುಗಿದ್ಮೇಲೆ ವಾಪಸ್ ಘಟ್ಟಕ್ಕೆ ಹೊರಡುತ್ತೆ, ದಾರೀಲಿ ನಿಮ್ಮನೆ ಸಿಕ್ಕಿದೆ ಅಷ್ಟೇ. ಅವು ಮುತ್ತಿದ್ದ ಗಿಡ ಬಹುಶಃ ಗಿಲಿಗಿಚ್ಚಿ ಆಗಿರುತ್ತೆ, ಒಣಗಿದ ಕಾಯಿ ಅಲ್ಲಾಡಿಸಿದ್ರೆ ಗೆಜ್ಜೆ ಸದ್ದು ಬರೋ ಹಳದಿ ಹೂವಿನ ಗಿಡ. ಅದರ ಬಾಡಿದ ಎಲೆ ಕಾಂಡದಿಂದ ಗಂಡು ಚಿಟ್ಟೆ ಒಂದು ರಸ ಹೀರುತ್ತೆ, ಹೆಣ್ಣನ್ನ ಸೆಳೆಯೋ ವಾಸನೆ ಮಾಡ್ಕೊಳ್ಳೋಕೆ ಅದು ಬೇಕು. ಆ ಗಿಡನ ಕಳೆ ಅಂತ ಕೀಳದೆ ಎರಡಾದ್ರೂ ಬಿಡಿ.

ಇದೇ ಹೊತ್ತಲ್ಲಿ ಸಂಜೆ ತಲೆ ಮೇಲೆ ಏರೋಪ್ಲೇನ್ ಚಿಟ್ಟೆಗಳ ಹಿಂಡು ಹಾರ್ತಿರುತ್ತೆ ನೋಡಿ. ಅದರಲ್ಲಿ ಹಳದಿ ಬಣ್ಣದ ಒಂದು ಜಾತಿ ಈಶಾನ್ಯದ ಗಾಳಿ ಹಿಡಿದು ದಕ್ಷಿಣ ಭಾರತದಿಂದ ಮಾಲ್ಡೀವ್ಸ್ ಮೇಲೆ ಹಾಯ್ದು ಪೂರ್ವ ಆಫ್ರಿಕಾವರೆಗೆ ಸಮುದ್ರ ದಾಟುತ್ತೆ. ಬೆರಳುದ್ದದ ಜೀವ! ನನಗೆ ಇದು ಗೊತ್ತಾದ ಸಂಜೆ ಕತ್ತಲಾಗೋವರೆಗೂ ಆಕಾಶ ನೋಡ್ತಾನೇ ನಿಂತಿದ್ದೆ.

ಎಲೆ ರಾಶಿ ಹಾಕಿದ್ರೆ ಹಾವು ಬರುತ್ತೆ ಅಂತ ಮನೆಯೋರು ಬೈತಾರೆ, ಸುಟ್ಟುಬಿಡ್ಲಾ?

ಸುಡೋದು ಬೇಡ, ಹೊಗೆ ಬೇರೆಯೋರ ಎದೆಗೆ ಹೋಗುತ್ತೆ, ಊರೊಳಗೆ ಸುಡೋಕೆ ಅನುಮತಿನೂ ಇಲ್ಲ. ರಾಶಿನ ಬಾಗಿಲು, ಬಟ್ಟೆ ಒಗೆಯೋ ಕಲ್ಲು, ಮಕ್ಕಳಾಡೋ ಜಾಗದಿಂದ ದೂರದ ಮೂಲೇಲಿ, ಕಾಣೋ ಕಡೆ ಹಾಕಿ. ಹಸಿ ಕಸ ಒಂದು ಪಾಲು, ಒಣ ಎಲೆ ಎರಡು ಮೂರು ಪಾಲು, ಮೇಲೆ ಸ್ವಲ್ಪ ಹುಳಿ ಮಜ್ಜಿಗೆ ನೀರು ಚಿಮುಕಿಸಿದ್ರೆ ಬೇಸಿಗೆ ಹೊತ್ತಿಗೆ ಗೊಬ್ಬರ. ಕೈ ಹಾಕೋ ಮುಂಚೆ ಯಾವತ್ತೂ ಕೋಲಲ್ಲಿ ಕೆದಕಿ, ರಾತ್ರಿ ಬ್ಯಾಟರಿ ಇಲ್ದೆ ಹಿತ್ತಲಿಗೆ ಕಾಲಿಡ್ಬೇಡಿ. ಕೆರೆಹಾವು ಇಲಿ ತಿನ್ನೋಕೆ ಬರುತ್ತೆ, ವಿಷ ಇಲ್ಲ, ಹೋಗೋಕೆ ದಾರಿ ಬಿಡಿ. ಕೊಳಕು ಮಂಡಲ, ನಾಗರ, ಕಟ್ಟುಹಾವು ಕಂಡ್ರೆ ದೂರದಿಂದ ಕಣ್ಣಿಟ್ಟು ಉರಗ ರಕ್ಷಕರನ್ನ ಕರೀರಿ. ಕಚ್ಚಿದ್ರೆ ಕುಯ್ಯೋದು, ಬಾಯಲ್ಲಿ ಹೀರೋದು, ಹಗ್ಗ ಬಿಗಿದು ಕಟ್ಟೋದು ಯಾವುದೂ ಮಾಡ್ದೆ ಕಾಲು ಕೈ ಅಲ್ಲಾಡಿಸ್ದೆ ಸೀದಾ ಆಂಟಿವೆನಮ್ ಇರೋ ಆಸ್ಪತ್ರೆಗೆ.

ದೊಡ್ಡ ದೊಡ್ಡ ಬಸವನಹುಳು ಸೇವಂತಿಗೆ ಪೂರ್ತಿ ತಿಂದಾಕ್ತು. ಉಪ್ಪು ಹಾಕ್ಲಾ?

ಅದು ಆಫ್ರಿಕನ್ ಬಸವನಹುಳು, 1847ರಲ್ಲಿ ಕಲ್ಕತ್ತಾಗೆ ಬಂದಿದ್ದು ದೇಶ ಪೂರ್ತಿ ಹರಡಿದೆ, ಇಲ್ಲಿನ ಜೀವ ಅಲ್ಲ, ಹಾಗಾಗಿ ತೆಗೀಲೇಬೇಕು. ಉಪ್ಪು ಹಾಕಿದ್ರೆ ಮಣ್ಣು ಕೆಡುತ್ತೆ. ಅಂಗಡೀಲಿ ಸಿಗೋ ವಿಷದ ಉಂಡೆ ನಾಯಿಗೂ ಪ್ರಾಣಾಪಾಯ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪರಂಗಿ ಸಿಪ್ಪೆ ಇಟ್ರೆ ಬೆಳಿಗ್ಗೆ ಎಲ್ಲ ಅಲ್ಲೇ ಸೇರಿರುತ್ತೆ, ಗ್ಲೌಸ್ ಹಾಕ್ಕೊಂಡೇ ಆರಿಸಿ ಗಟ್ಟಿ ಉಪ್ಪು ನೀರಿನ ಬಕೆಟ್ಟಿಗೆ ಹಾಕಿ. ಬರಿಗೈಲಿ ಬೇಡ, ಮಿದುಳಿಗೆ ಹೋಗೋ ಒಂದು ಪರಾವಲಂಬಿ ಹುಳ ಅದರ ಮೈಯಲ್ಲಿ ಇರಬೋದು.

ದೀಪಾವಳಿ ಪಟಾಕಿಗೆ ಹಕ್ಕಿಗಳು ಏನ್ ಮಾಡ್ತವೆ? ನಾವೇನ್ ಮಾಡ್ಬೋದು?

ರಾತ್ರಿ ಬೆಚ್ಚಿ ಗೂಡು ಬಿಟ್ಟು ಕತ್ತಲಲ್ಲಿ ಹಾರಿ ಗೋಡೆಗೆ, ತಂತಿಗೆ ಹೊಡ್ಕೊಳ್ಳುತ್ತೆ. ನಿಮ್ಮ ಹಿತ್ತಲಲ್ಲಿ, ಮರದ ಕೆಳಗೆ ಹಚ್ಚಬೇಡಿ, ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ ರಾತ್ರಿ 8ರಿಂದ 10ರ ಸಮಯ ದಾಟಬೇಡಿ. ಆಕಾಶಬುಟ್ಟಿ, ಸೀರಿಯಲ್ ಸೆಟ್ಟನ್ನ ಮಲಗೋ ಮುಂಚೆ ಆರಿಸಿ, ರಾತ್ರಿಯಿಡೀ ಬೆಳಕಿದ್ರೆ ಪತಂಗ ಅಲ್ಲೇ ಸುತ್ತಿ ಸುತ್ತಿ ಸಾಯುತ್ತೆ. ಹಳೇ ಲಾಂದ್ರ ಇದ್ರೆ ಒಳಗೆ ಸಣ್ಣ ಹಣತೆ ಇಡಿ, ಹಿತ್ತಲಿಗೆ ಅಷ್ಟು ಬೆಳಕು ಸಾಕು.

ಬಣ್ಣ ಬಣ್ಣದ ಗಿಡ್ಡ ಬಾಲದ ಹಕ್ಕಿ ಹಿತ್ತಲಲ್ಲಿ ಸುಸ್ತಾಗಿ ಬಿದ್ದಿದೆ, ಹಾರ್ತಿಲ್ಲ, ಬೇಗ ಹೇಳಿ!

ಹಸಿರು ಬೆನ್ನು, ರೆಕ್ಕೇಲಿ ನೀಲಿ, ಹೊಟ್ಟೆ ಕೆಳಗೆ ಕೆಂಪು, ಕಣ್ಣಿಗೆ ಕಪ್ಪು ಪಟ್ಟಿ ಇದ್ರೆ ಅದು ನವರಂಗ. ಹಿಮಾಲಯದ ತಪ್ಪಲು, ಉತ್ತರ ಭಾರತದ ಕಡೆಯಿಂದ ಚಳಿಗಾಲ ಕಳೆಯೋಕೆ ದಕ್ಷಿಣಕ್ಕೆ ರಾತ್ರಿ ಹೊತ್ತು ಹಾರಿ ಬರುತ್ತೆ, ಬಂದು ಸೇರೋ ಹೊತ್ತಿಗೆ ಸುಸ್ತಾಗಿರುತ್ತೆ, ಕಿಟಕಿ ಗಾಜಿಗೆ ಹೊಡ್ಕೊಂಡಿರೋದೂ ಉಂಟು. ಬೆಕ್ಕು ಕಾಗೆ ಬರೋ ಮುಂಚೆ ಮೆತ್ತಗೆ ಬಟ್ಟೆ ಹೊದಿಸಿ ಎತ್ತಿ, ತೂತು ಮಾಡಿದ ರಟ್ಟಿನ ಡಬ್ಬೀಲಿಟ್ಟು ಮುಚ್ಚಿ, ಕತ್ತಲೆ, ನಿಶ್ಶಬ್ದ ಇರೋ ರೂಮಲ್ಲಿಡಿ. ಬಾಯಿಗೆ ನೀರು ಹುಯ್ಯಬೇಡಿ, ಅನ್ನ ತುರುಕಬೇಡಿ, ಫೋಟೋಗೆ ಅಂತ ಪದೇ ಪದೇ ತೆಗೀಬೇಡಿ. ಒಂದೆರಡು ಗಂಟೆ ಬಿಟ್ಟು ಹೊರಗೆ ಪೊದೆ ಹತ್ರ ಡಬ್ಬಿ ತೆರೆದಿಡಿ, ಗಾಯ ಇಲ್ದಿದ್ರೆ ತಾನೇ ಹೋಗುತ್ತೆ. ರೆಕ್ಕೆ ಜೋತುಬಿದ್ದಿದ್ರೆ ಅರಣ್ಯ ಇಲಾಖೆಗೋ ಹತ್ತಿರದ ವನ್ಯಜೀವಿ ಆಸ್ಪತ್ರೆಗೋ ಫೋನ್ ಮಾಡಿ, ಬೆಂಗಳೂರಲ್ಲಿ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರದ್ದಿದೆ. ನಮ್ಮನೇಲಿ ಒಂದ್ಸಲ ಹೀಗೇ ಆಗಿ, ಡಬ್ಬಿ ತೆರೆದ ಮೇಲೆ ಅದು ಹಾರಲಿಲ್ಲ, ಪಾರಿಜಾತದ ಬುಡಕ್ಕೆ ಕುಪ್ಪಳಿಸಿ ಹೋಗಿ ಒಣ ಎಲೆ ಒಂದೊಂದೇ ಪಕ್ಕಕ್ಕೆಸೆದು ಹುಳ ಹುಡುಕೋಕೆ ಶುರು ಮಾಡ್ತು. ಎಲೆ ಗುಡಿಸಿದ್ರೆ ಆವತ್ತು ಅದಕ್ಕೆ ಊಟ ಇರ್ತಿರ್ಲಿಲ್ಲ.

## ಕುಡಿಯೋಕೆ ಏನು

ನಿಮ್ಮನೇಲಿ ಕುಡಿದ ಕಷಾಯದ ಅಳತೆ ಕೊಡಿ ಅಕ್ಕಾ

ಕೊತ್ತಂಬರಿ ಬೀಜ ಒಂದು ಲೋಟ, ಜೀರಿಗೆ ಅರ್ಧ ಲೋಟ, ಮೆಣಸು ಎರಡು ಚಮಚ, ಮೆಂತ್ಯ ಅರ್ಧ ಚಮಚ, ಒಣಶುಂಠಿ ಒಂದಿಂಚು, ಏಲಕ್ಕಿ ನಾಲ್ಕು. ಒಂದೊಂದನ್ನೂ ಬೇರೆ ಬೇರೆ ಸಣ್ಣ ಉರೀಲಿ ಹುರೀರಿ, ಒಟ್ಟಿಗೆ ಹಾಕಿದ್ರೆ ಜೀರಿಗೆ ಸೀದೋಗಿರುತ್ತೆ ಕೊತ್ತಂಬರಿ ಹಸೀನೇ ಇರುತ್ತೆ. ಆರಿದ ಮೇಲೆ ತರಿ ತರಿಯಾಗಿ ಪುಡಿ ಮಾಡಿ. ಒಂದೂವರೆ ಲೋಟ ನೀರಿಗೆ ಒಂದು ಚಮಚ ಪುಡಿ, ಬೆಲ್ಲ, ಒಂದು ಲೋಟ ಆಗೋವರೆಗೆ ಕುದಿಸಿ, ಇಳಿಸಿದ ಮೇಲೆ ಹಾಲು. ಬೆಲ್ಲ ಕುದೀತಿರುವಾಗ ಹಾಲು ಹಾಕಿದ್ರೆ ಒಡೆಯುತ್ತೆ. ಕೆಲವರು ಜ್ಯೇಷ್ಠಮಧು ಹಾಕ್ತಾರೆ, ಬಿಪಿ ಇರೋರು ಅದನ್ನ ಬಿಡಿ.

ಹಿತ್ತಾಳೆ ಲೋಟದಲ್ಲಿ ನಿಂಬೆ ಪಾನಕ, ತಾಮ್ರದ ಚೊಂಬಲ್ಲಿ ಮಜ್ಜಿಗೆ ಕೊಟ್ರೆ ಚೆನ್ನಾಗಿರುತ್ತಲ್ವಾ?

ಕಲಾಯಿ ಇಲ್ದಿದ್ರೆ ಕೊಡ್ಲೇಬೇಡಿ. ಹುಳಿ ತಾಗಿದ್ರೆ ತಾಮ್ರ ಕರ್ಗಿ ವಾಂತಿ, ಹೊಟ್ಟೆನೋವು ಬರುತ್ತೆ, ಅಜ್ಜಿಯಂದಿರು ಮೊಸರನ್ನ ಕಲ್ಲಿನ ಮರಿಗೆ, ಮಣ್ಣಿನ ಪಾತ್ರೇಲಿ ಇಡ್ತಿದ್ದಿದ್ದು ಸುಮ್ನೆ ಅಲ್ಲ. ಕಲಾಯಿ ಹಾಕೋರು ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಸವರ್ತಾರೆ, ಬಿಳಿ ಹೊಗೆ ಎದ್ದು ಕ್ಷಣದಲ್ಲಿ ಒಳಗೆಲ್ಲ ಬೆಳ್ಳಿ ಥರ ಆಗುತ್ತೆ. ಶುದ್ಧ ತವರ ಅಂತ ಕೇಳಿ ಹಾಕಿಸಿ, ಸೀಸ ಬೆರೆಸೋರಿದಾರೆ, ನನಗೊಮ್ಮೆ ಹಾಗಾಗಿ ಪೂರ್ತಿ ತೆಗೆಸಿ ಮತ್ತೆ ಹಾಕಿಸ್ದೆ. ಹಳೇ ಪಿಂಗಾಣಿ ಜಾಡೀಲೂ ಹುಳಿ ಪಾನೀಯ ಬೇಡ, ಹೊಳಪಲ್ಲಿ ಸೀಸ ಇರಬೋದು, ಅದರಲ್ಲಿ ಹೂ ಜೋಡಿಸಿ.

ಹಿತ್ತಲಲ್ಲಿ ಬೆಳೆದಿದ್ರಲ್ಲೇ ಟೀ ಮಾಡೋದು ಯಾವ್ದು ಬೆಸ್ಟ್?

ಮಜ್ಜಿಗೆಹುಲ್ಲು ಎರಡು ಎಸಳು ಗಂಟು ಕಟ್ಟಿ, ಜಜ್ಜಿದ ಶುಂಠಿ ಜೊತೆ ಐದು ನಿಮಿಷ ಕುದಿಸಿ, ನನ್ನ ಓಟು ಇದಕ್ಕೆ. ಮಕ್ಕಳಿದ್ರೆ ಶಂಖಪುಷ್ಪ, ಬಿಸಿನೀರಿಗೆ ಹಾಕಿದ್ರೆ ನೀಲಿ, ನಿಂಬೆ ಹಿಂಡಿದ್ರೆ ನೇರಳೆ. ಇನ್ನೊಂದು ಕೆಂಪು ಪುಂಡಿ, ಹಗಲು ಕಮ್ಮಿಯಾದ ಮೇಲೆ ಹೂ ಬಿಟ್ಟು ನವೆಂಬರ್ ಹೊತ್ತಿಗೆ ದಪ್ಪ ಕೆಂಪು ಪುಷ್ಪಪಾತ್ರೆ (ಹೂವಿನ ಬುಡದ ಹೊರ ಹೊದಿಕೆ) ಬಲಿಯುತ್ತೆ, ಒಳಗಿನ ಬೀಜದ ಕಾಯಿ ತೆಗೆದು ಹೊರಗಿನದ್ದನ್ನ ಬೆಲ್ಲ ಹಾಕಿ ಕುದಿಸಿದ್ರೆ ಒಳ್ಳೆ ಹುಳಿ ಶರಬತ್ತು. ಔಷಧಿ ಹೊಡೆದ ನರ್ಸರಿ ಹೂವನ್ನ ಮಾತ್ರ ಯಾವತ್ತೂ ಕುಡಿಯೋದಕ್ಕೆ ಹಾಕ್ಬೇಡಿ.

ಕಾರ್ತಿಕದಲ್ಲಿ ನೆಲ್ಲಿ ಮರದಡಿ ಊಟ ಅಂತಾರಲ್ಲ, ಮನೇಲೇ ಸಣ್ಣದಾಗಿ ಮಾಡೋದು ಹೇಗೆ?

ವನಭೋಜನ ಅದು. ಉತ್ಥಾನ ದ್ವಾದಶಿ ದಿನ ತುಳಸಿ ಜೊತೆ ನೆಲ್ಲಿ ಕೊಂಬೆ ನೆಟ್ಟು ಪೂಜೆ ಮಾಡ್ತೀವಲ್ಲ, ಅದಾದ್ಮೇಲೆ ಬರೋ ಭಾನುವಾರ ನಾವಿಟ್ಕೊಳ್ತೀವಿ. ಆರೇಳು ಜನ ಸಾಕು. ನೆಲ್ಲಿ ಮರ ಇಲ್ದಿದ್ರೆ ಕುಂಡದ ನೆಲ್ಲಿ ಸಸಿ ಪಕ್ಕ ಚಾಪೆ ಹಾಕಿ. ಚಿತ್ರಾನ್ನ, ಮೊಸರನ್ನ, ಕೋಸಂಬರಿ, ಬಾಳೆಲೆ. ಕುಡಿಯೋಕೆ ನೆಲ್ಲಿಕಾಯಿ ಮಜ್ಜಿಗೆ: ನಾಲ್ಕು ಬೆಟ್ಟದ ನೆಲ್ಲಿಕಾಯಿ ಬೀಜ ತೆಗೆದು, ಚೂರು ಶುಂಠಿ, ಅರ್ಧ ಹಸಿಮೆಣಸಿನಕಾಯಿ, ಉಪ್ಪು, ಒಂದು ಹಿಡಿ ಕಾಯಿತುರಿ ಹಾಕಿ ರುಬ್ಬಿ ಒಂದು ಲೀಟರ್ ತೆಳು ಮಜ್ಜಿಗೆಗೆ ಬೆರೆಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಡಿ, ಮಣ್ಣಿನ ಮಡಕೇಲಿಟ್ಟು ಬಟ್ಟೆ ಕಟ್ಟಿ. ಬೆಲ್ಲದ ಪಾನಕ ಮಾಡಿದ್ರೆ ಅದಕ್ಕೂ ಮುಚ್ಚಳ ಇರ್ಲಿ, ಕಣಜ ಬಂದು ಲೋಟದೊಳಗೆ ಕೂತಿರುತ್ತೆ, ನೋಡದೆ ಬಾಯಿಗಿಟ್ರೆ ಕಷ್ಟ. ಒರಳಿಗೆ ಬೆಳಿಗ್ಗೇನೇ ಹೊಸ ನೀರು ತುಂಬಿಸಿ, ಚಾಪೆನ ಅದರಿಂದ ಹತ್ತು ಹನ್ನೆರಡು ಅಡಿ ದೂರ ಹಾಕಿ. ಮೊದಲ ಅರ್ಧ ಗಂಟೆ ಹಕ್ಕಿ ಬರಲ್ಲ, ಊಟ ಮುಗಿಸಿ ಎಲ್ಲ ಮಾತು ಕಮ್ಮಿ ಮಾಡಿ ಕೂತಾಗ ಪಿಕಳಾರ ಬಂದೇ ಬರುತ್ತೆ.